ಡೊಮೇನ್ ಬೆಲೆ ಹೇಳುವ ಟೂಲ್‌ಗಳು: ಹಲವು ವರ್ಷ ಬಳಸಿದ ಮೇಲೆ

ಸಣ್ಣ ಅಂಗಡಿ, ಖಾನಾವಳಿ, ಕೋಚಿಂಗ್ ಸೆಂಟರ್‌ನವರಿಗೆ ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅವರಿಗೆ ಬೇಕಾದ ಡೊಮೇನ್, ಅಂದರೆ ವೆಬ್‌ಸೈಟ್‌ನ ಹೆಸರು, ಆಗಲೇ ಬೇರೆಯವರ ಕೈಯಲ್ಲಿದ್ದರೆ ಎಷ್ಟು ಕೊಡಬಹುದು ಎಂದು ಕೇಳುತ್ತಾರೆ. ಅದಕ್ಕಾಗಿ ಗೋವ್ಯಾಲ್ಯೂ, ಎಸ್ಟಿಬಾಟ್ ಥರದ ಟೂಲ್‌ಗಳನ್ನು ವರ್ಷಗಳಿಂದ ಬಳಸುತ್ತಿದ್ದೇನೆ.

ಡಾಟ್ ಕಾಮ್‌ನಲ್ಲಿ ಒಂದೆರಡು ಸರಳ ಇಂಗ್ಲಿಷ್ ಪದಗಳ ಹೆಸರಾದರೆ ಇವು ಉಪಯೋಗಕ್ಕೆ ಬರುತ್ತವೆ. ಹೆಸರುಗಳ ಪಟ್ಟಿ ಕೊಟ್ಟರೆ ಯಾವುದು ಮೇಲು, ಯಾವುದು ಕೆಳಗೆ ಎಂದು ಹೆಚ್ಚು ಕಡಿಮೆ ಸರಿಯಾಗಿಯೇ ಜೋಡಿಸುತ್ತವೆ. ಅದರ ಪಕ್ಕದಲ್ಲಿ ತೋರಿಸುವ ಡಾಲರ್ ಮೊತ್ತವನ್ನು ಮಾತ್ರ ನಾನು ಬೆಲೆ ಎಂದು ಒಪ್ಪುವುದಿಲ್ಲ. ಹಳೆಯ ಮಾರಾಟಗಳು, ಹೆಸರಿನ ಉದ್ದ, ಆ ಪದವನ್ನು ಜನ ಎಷ್ಟು ಹುಡುಕುತ್ತಾರೆ ಎಂಬುದರ ಮೇಲೆ ಆ ಮೊತ್ತ ನಿಂತಿದೆ. ಎಷ್ಟೋ ವ್ಯವಹಾರಗಳು ಗುಟ್ಟಾಗಿ ಮುಗಿಯುವುದರಿಂದ ಆ ದಾಖಲೆಯೇ ಅರ್ಧಂಬರ್ಧ. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್‌ಗೆ ಹೋಯಿತು. ಬ್ಲಾಕ್ ಡಾಟ್ ಒನ್ ಕಂಪನಿಗೆ ಅದೇ ಹೆಸರು ಬೇಕಿತ್ತು, ಅದರ ಒಡೆತನ ಹೊಂದಿದ್ದ ಮೈಕ್ರೋಸ್ಟ್ರಾಟಜಿ ಕಂಪನಿಗೆ ಅದನ್ನು ಮಾರುವ ಅವಸರ ಇರಲಿಲ್ಲ. ಕೊಳ್ಳುವವರ ಗರಜು ಯಾವ ಟೂಲ್‌ಗೂ ಕಾಣುವುದಿಲ್ಲ.

ನಮ್ಮ ಹೆಸರುಗಳ ವಿಷಯಕ್ಕೆ ಬಂದರೆ ಇವು ಕುರುಡು. 'ಊರು' ಪದದ 'ಊ'ವನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬರು ಎರಡು 'ಓ' ಹಾಕಿ ಬರೆದರೆ ಇನ್ನೊಬ್ಬರು ಒಂದೇ 'ಯು'ನಲ್ಲಿ ಮುಗಿಸುತ್ತಾರೆ. ಟೂಲ್‌ಗೆ ಎರಡೂ ಅರ್ಥವಿಲ್ಲದ ಅಕ್ಷರಗಳೇ. ಹುಬ್ಬಳ್ಳಿಯ ಖಾನಾವಳಿಗೆ 'ರೊಟ್ಟಿ' ಇರುವ ಚಿಕ್ಕ ಹೆಸರು ಎಷ್ಟು ಒಪ್ಪುತ್ತದೆ ಎಂಬುದು ಅಲ್ಲಿ ಊಟ ಮಾಡುವ ಯಾರಿಗೂ ಗೊತ್ತು, ಆದರೆ ಅಂಥ ಹೆಸರು ಮಾರಾಟವಾದ ದಾಖಲೆ ಸಿಗುವುದೇ ಅಪರೂಪ. ಡಾಟ್ ಇನ್‌ಗೂ ಡಾಟ್ ಕಾಮ್‌ನಷ್ಟು ಮಾರಾಟದ ಚರಿತ್ರೆ ಇಲ್ಲ. ಕನ್ನಡ ಲಿಪಿಯ ಡಾಟ್ ಭಾರತ ಹೆಸರುಗಳ ಪಾಡು ಇನ್ನೂ ಕಷ್ಟ. ಕಂಪ್ಯೂಟರ್ ಒಳಗೆ ಅವು 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದ ಸಾಲಾಗಿ ಇರುತ್ತವೆ. ಎರಡೇ ಅಕ್ಷರದ ಚೆಂದದ ಕನ್ನಡ ಪದವನ್ನೂ ನಾನು ಬಳಸಿದ ಒಂದು ಟೂಲ್ ಕಸದಂತೆ ಎಣಿಸಿತು. ನನಗೆ ಇದು ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಆ ಅಂಕಿ ನೋಡಿ ಕನ್ನಡದ ಹೆಸರನ್ನೇ ಬೇಡ ಎಂದವರಿದ್ದಾರೆ.

ಇನ್ನೊಂದು ಅಪಾಯ ಟ್ರೇಡ್‌ಮಾರ್ಕ್. ಹೆಸರಾಂತ ಬ್ರ್ಯಾಂಡ್ ಸೇರಿಸಿಕೊಂಡ ಹೆಸರಿಗೂ ಟೂಲ್ ದೊಡ್ಡ ಬೆಲೆ ತೋರಿಸಬಹುದು. ಬ್ರ್ಯಾಂಡಿನವರು ಡಾಟ್ ಕಾಮ್‌ಗೆ ಯುಡಿಆರ್‌ಪಿ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ, ಡೊಮೇನ್ ಜಗಳ ತೀರಿಸುವ ನಿಯಮಗಳ ಅಡಿಯಲ್ಲಿ ದೂರು ಕೊಟ್ಟು ಗೆದ್ದರೆ ಹೆಸರೂ ಹೋಯಿತು, ಕೊಟ್ಟ ದುಡ್ಡೂ ಹೋಯಿತು.

ಈಗ ನಾನು ಹಣ ಕೊಡುವ ಪ್ಲಾನ್ ಬಿಟ್ಟಿದ್ದೇನೆ, ಉಚಿತವಾಗಿ ಸಿಗುವಷ್ಟೇ ಸಾಕು. ಟೂಲ್ ನೋಡಿದ ಮೇಲೆ, ಹಳೆಯ ಡೊಮೇನ್ ಮಾರಾಟಗಳ ದಾಖಲೆ ಇಡುವ ನೇಮ್‌ಬಯೋ ತಾಣದಲ್ಲಿ ಅದೇ ಬಗೆಯ ಹೆಸರುಗಳು ನಿಜಕ್ಕೂ ಎಷ್ಟಕ್ಕೆ ಮಾರಾಟವಾಗಿವೆ ಎಂದು ಹುಡುಕುತ್ತೇನೆ. ಕನ್ನಡ ಹೆಸರಾದರೆ ಅದೂ ಬೇಡ: ಈ ಹೆಸರು ಸಿಗದಿದ್ದರೆ ಎರಡನೆಯ ಆಯ್ಕೆ ಯಾವುದು, ಅದಕ್ಕಿಂತ ಇದಕ್ಕೆ ಎಷ್ಟು ಹೆಚ್ಚು ಕೊಡಲು ತಯಾರಿದ್ದೀರಿ ಎಂದು ಅಂಗಡಿಯವರನ್ನೇ ಕೇಳಿ, ಆ ಮೊತ್ತದೊಳಗೆ ಮಾತುಕತೆ ನಡೆಸುತ್ತೇನೆ. ಇಂಗ್ಲಿಷ್ ಡಾಟ್ ಕಾಮ್‌ಗೆ ಐದರಲ್ಲಿ ಮೂರು ಅಂಕ, ಕನ್ನಡ ಹೆಸರಿಗೆ ಒಂದು.