ಉಪಕೇಂದ್ರದ ಪುಕ್ಕಟೆ ತಪಾಸಣೆ: ತೋಳು, ಬೆರಳು ನೋಡಿ ಕಳಿಸಿದರೆ ಅರ್ಧ ಕೆಲಸವಷ್ಟೇ

30 ದಾಟಿದ ಯಾರೇ ಆಗಲಿ, ಊರಿನ ಉಪಕೇಂದ್ರಕ್ಕೆ (ಈಗ ಬೋರ್ಡಿನ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂದಿರುತ್ತದೆ) ಹೋದರೆ ಐದು ಕಾಯಿಲೆಗಳ ತಪಾಸಣೆ ಕಾಸು ಖರ್ಚಿಲ್ಲದೆ ಆಗಬೇಕು. ಬಿಪಿ, ಶುಗರ್, ಬಾಯಿ ಕ್ಯಾನ್ಸರ್ ಎಲ್ಲರಿಗೂ. ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್ ಹೆಂಗಸರಿಗೆ. ಬಿಪಿ, ಶುಗರ್ ವರ್ಷಕ್ಕೊಮ್ಮೆ. ಕ್ಯಾನ್ಸರ್ ತಪಾಸಣೆ ಐದು ವರ್ಷಕ್ಕೊಮ್ಮೆ. ಫೋನಿಗೆ ದಿನಾ ಬಂದು ಬೀಳುವ ‘ಫುಲ್ ಬಾಡಿ ಚೆಕಪ್, 80 ಟೆಸ್ಟ್, ಅರ್ಧ ಬೆಲೆ’ ಜಾಹೀರಾತಿನ ಪಕ್ಕದಲ್ಲಿಟ್ಟು ತೂಗಿದರೂ ಇದರ ತೂಕವೇ ಹೆಚ್ಚು. ಆದರೆ ಒಂದು ಷರತ್ತು: ಐದೂ ಆಗಬೇಕು. ತೋಳಿಗೆ ಪಟ್ಟಿ ಸುತ್ತಿ, ಬೆರಳು ಚುಚ್ಚಿ, ಪುಸ್ತಕದಲ್ಲಿ ಬರೆದು ಕಳಿಸುವುದು ಸುಲಭ. ಈ ಸೇವೆಯ ನಿಜವಾದ ಬೆಲೆ ಇರುವುದು ಸಾಮಾನ್ಯವಾಗಿ ಬಿಟ್ಟುಹೋಗುವ ಭಾಗದಲ್ಲಿ.

ಶುರು ಆಶಾ ಕಾರ್ಯಕರ್ತೆಯ ಫಾರಂನಿಂದ. ವಯಸ್ಸು, ತಂಬಾಕು, ಕುಡಿತ, ಓಡಾಟ, ಮನೆಯಲ್ಲಿ ಯಾರಿಗಾದರೂ ಬಿಪಿ–ಶುಗರ್ ಇದೆಯೇ, ಸೊಂಟದ ಸುತ್ತಳತೆ ಎಷ್ಟು ಎಂದು ಕೇಳಿ ಅಂಕ ಹಾಕುತ್ತಾರೆ. ಮೊತ್ತ 4 ದಾಟಿದರೆ ಅವರನ್ನು ಮೊದಲು ಕರೆಸಿ ನೋಡಬೇಕು ಅಂತ ಲೆಕ್ಕ. 4ರ ಒಳಗಿದ್ದರೆ ತಪಾಸಣೆ ಬೇಡ ಅಂತಲ್ಲ. ಹೆಚ್ಚು ತಪ್ಪಾಗುವುದು ಸುತ್ತಳತೆಯಲ್ಲಿ. ಪ್ಯಾಂಟಿನ ಸೈಜು ಹೇಳಿದರೆ, ಅದನ್ನೇ ಬರೆದುಕೊಂಡರೆ, ಹೊಟ್ಟೆ ಲೆಕ್ಕಕ್ಕೇ ಸಿಗುವುದಿಲ್ಲ, ಏಕೆಂದರೆ ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ. ಟೇಪು ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಬರಬೇಕು, ಉಸಿರು ಬಿಟ್ಟಾಗ ಅಳೆಯಬೇಕು. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಅಂಕ ಏರುತ್ತದೆ.

ಬಿಪಿಗೆ ಬಳಸುವ ಡಿಜಿಟಲ್ ಯಂತ್ರದ ಬಗ್ಗೆ ಜನಕ್ಕೆ ಅನುಮಾನ ಇರುತ್ತದೆ. ನೋಡಬೇಕಾದ್ದು ಯಂತ್ರವನ್ನಲ್ಲ, ಕುರ್ಚಿಯನ್ನು. ಬೆನ್ನಿಗೆ ಆಸರೆ ಇದೆಯೇ? ಪಾದ ನೆಲಕ್ಕೆ ತಾಗಿದೆಯೇ? ಕೈ ಎದೆಯ ಮಟ್ಟಕ್ಕೆ ಮೇಜಿನ ಮೇಲಿದೆಯೇ? ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ, ಕೈ ಇಳಿಬಿಟ್ಟು, ಮಾತಾಡುತ್ತಾ ಅಳೆಸಿಕೊಂಡರೆ ಬರುವ ಸಂಖ್ಯೆ ಹೆಚ್ಚಾಗಿಯೇ ಇರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರಂತೂ ಬಿಪಿ ಇಲ್ಲದವರಿಗೂ ಬಿಪಿ ಬರುತ್ತದೆ. ಪಟ್ಟಿಯೊಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತಬೇಕು. ಬಿಗಿ ತೋಳಿನ ರವಿಕೆ, ಅಂಗಿ ಮೇಲೆ ಮಡಚುವುದಕ್ಕಿಂತ ಸಡಿಲ ಬಟ್ಟೆ ಹಾಕಿಕೊಂಡು ಹೋಗುವುದೇ ವಾಸಿ. ಅರ್ಧ ಗಂಟೆ ಮೊದಲು ಕಾಫಿ, ಬೀಡಿ ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಐದು ನಿಮಿಷ ಸುಮ್ಮನೆ ಕೂತ ಮೇಲೆ ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ನೋಡಬೇಕು. 140/90 ಅಥವಾ ಹೆಚ್ಚಿದ್ದರೆ ವೈದ್ಯರ ಬಳಿ ಕಳಿಸುತ್ತಾರೆ. ಒಂದೇ ದಿನದ ಆ ಸಂಖ್ಯೆ ಕಾಯಿಲೆಯ ತೀರ್ಪಲ್ಲ, ಇನ್ನೊಂದು ದಿನ ನೋಡಿ ಖಚಿತ ಮಾಡಬೇಕು. 180/110 ದಾಟಿದ್ದರೆ ಮಾತ್ರ ಅವತ್ತೇ ವೈದ್ಯರನ್ನು ಕಾಣಬೇಕು.

ಶುಗರ್ ವಿಷಯದಲ್ಲಿ ಈ ಸೇವೆಯ ಒಂದು ಕುಂದು ಹೇಳಲೇಬೇಕು. ಇಲ್ಲಿ ನೋಡುವುದು ಯಾವ ಹೊತ್ತಿಗಾದರೂ ಸೈ ಎನ್ನುವ ರ‍್ಯಾಂಡಮ್ ಶುಗರ್, ಗಡಿ 140. ಹೋಳಿಗೆ ಊಟ ಮಾಡಿ ಒಂದು ಗಂಟೆಯಾದವರಿಗೆ 150 ಬಂದರೆ ಗಾಬರಿ ಬೇಡ, ಖಾಲಿ ಹೊಟ್ಟೆಯ ಟೆಸ್ಟಿಗೆ ಕಳಿಸುತ್ತಾರೆ, ಅಲ್ಲಿ ಇತ್ಯರ್ಥವಾಗುತ್ತದೆ. ತೊಂದರೆ ಇರುವುದು ಉಲ್ಟಾ ಕಡೆ. ಬೆಳಿಗ್ಗೆ ಏನೂ ತಿನ್ನದೆ ಬಂದವರಿಗೆ 130 ಬಂದರೆ ‘140ರ ಒಳಗೆ, ನಾರ್ಮಲ್’ ಎಂದು ಬರೆದುಬಿಡುವ ಸಾಧ್ಯತೆ ಇದೆ. ಆದರೆ ಖಾಲಿ ಹೊಟ್ಟೆಯಲ್ಲಿ 126 ಮುಟ್ಟಿದರೇ ಅದು ಮಧುಮೇಹದ ಲೆಕ್ಕ. ಹಾಗಾಗಿ ಬೆರಳು ಕೊಡುವ ಮೊದಲು ‘ಇನ್ನೂ ಏನೂ ತಿಂದಿಲ್ಲ’ ಎಂದೋ ‘ತಿಂಡಿ ತಿಂದು ಇಷ್ಟು ಹೊತ್ತಾಯಿತು’ ಎಂದೋ ಹೇಳಿ ಅದನ್ನೂ ಬರೆಸಬೇಕು. ಕೈಯನ್ನು ಸೋಪು ಹಾಕಿ ತೊಳೆದು ಒಣಗಿಸಿಕೊಂಡಿರಬೇಕು. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಹಣ್ಣಿನ ಸಕ್ಕರೆಯೂ ಸೇರಿಯೇ ಅಳತೆಯಾಗುತ್ತದೆ. ಸ್ಪಿರಿಟ್ ಆರುವ ಮೊದಲೇ ಚುಚ್ಚಿದರೂ, ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟು ತೇವ ಹೊಕ್ಕಿದ್ದರೂ ಸಂಖ್ಯೆ ಕೆಡುತ್ತದೆ.

ಇನ್ನು ಬಾಯಿ. ಗುಟ್ಕಾ, ಕಡ್ಡಿಪುಡಿ, ಎಲೆಅಡಿಕೆಯ ನಾಡಿನಲ್ಲಿ ಬಾಯಿ ತೆರೆಸದೆ ಕಳಿಸುವುದು ದೊಡ್ಡ ಲೋಪ. ಇದಕ್ಕೆ ಬೇಕಾದ್ದು ಟಾರ್ಚು, ಬಾಯಿಗಿಡುವ ಚಿಕ್ಕ ಕನ್ನಡಿ, ಗ್ಲೌಸು, ತುಂಡು ಗಾಜ್ ಬಟ್ಟೆ, ಮೂರು ನಾಲ್ಕು ನಿಮಿಷ. ಸರಿಯಾಗಿ ನೋಡುವವರು ಹಲ್ಲುಸೆಟ್ಟು ತೆಗೆಸುತ್ತಾರೆ. ತುಟಿಯ ಒಳಗು, ಎರಡೂ ಕೆನ್ನೆ, ಒಸಡು, ಅಂಗುಳ ನೋಡಿ, ನಾಲಿಗೆಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಎಳೆದು ಎರಡು ಅಂಚನ್ನೂ ನೋಡಿ, ನಾಲಿಗೆಯಡಿಯನ್ನು ಬೆರಳಿನಿಂದ ಮುಟ್ಟಿ, ಕೊನೆಗೆ ಕತ್ತಿನಲ್ಲಿ ಗಂಟಿದೆಯೇ ಎಂದು ತಡವುತ್ತಾರೆ. ಹುಡುಕುವುದು ಒರೆಸಿದರೆ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು. ನಮ್ಮದೇ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ಹೋಗದಿದ್ದರೆ ಬಾಯಿ ಬಿಗಿಯುತ್ತಿದೆ ಅಂತ ಅರ್ಥ. ತಂಬಾಕು ಅದುಮಿಟ್ಟುಕೊಳ್ಳುವುದು ಎಡಗೆನ್ನೆಯಲ್ಲೋ ಬಲದಲ್ಲೋ ಎಂದು ಮುಚ್ಚುಮರೆಯಿಲ್ಲದೆ ಹೇಳಬೇಕು, ಹುಣ್ಣು ಮೊದಲು ಹುಟ್ಟುವುದು ಹೆಚ್ಚಾಗಿ ಅಲ್ಲೇ. ‘ಬರೀ ಅಡಿಕೆ, ಹೊಗೆಸೊಪ್ಪು ಇಲ್ಲ’ ಎನ್ನುವವರಿಗೂ ವಿನಾಯಿತಿಯಿಲ್ಲ. ಮಲೆನಾಡಿನವರಿಗೆ ಕಹಿಯಾದರೂ, ಅಡಿಕೆಯೇ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ.

ಬರೀ ಕಣ್ಣಿನಿಂದ ನೋಡಿ ಏನು ಸಾಧ್ಯ ಎನ್ನುವವರಿಗೆ ಉತ್ತರ ತಿರುವನಂತಪುರದಲ್ಲಿದೆ. ಅಲ್ಲಿ 13 ಪಂಚಾಯಿತಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರ ಬಾಯಿಯನ್ನು ತರಬೇತಾದ ಕಾರ್ಯಕರ್ತರು ಆಗಾಗ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ತಂಬಾಕು ಅಥವಾ ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರ್ ಸಾವು ಶೇ. 34ರಷ್ಟು ಇಳಿದಿತ್ತು.

ಗರ್ಭಕಂಠದ ತಪಾಸಣೆ ಹೆಂಗಸರು ನಾಚಿಕೆಯಿಂದ ಮುಂದೂಡುವ, ಕೇಂದ್ರಗಳೂ ‘ಆಮೇಲೆ ನೋಡೋಣ’ ಎಂದು ಬಿಡುವ ಭಾಗ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49ರ ವಯಸ್ಸಿನ ನೂರು ಹೆಂಗಸರಲ್ಲಿ ಇದನ್ನು ಮಾಡಿಸಿಕೊಂಡವರು ಇಬ್ಬರೂ ತುಂಬಲಿಲ್ಲ, 1.9. ಮಾಡುವ ರೀತಿ ಸರಳ: ಶೇ. 5ರ ಅಸಿಟಿಕ್ ಆಮ್ಲ, ಅಂದರೆ ನಮ್ಮ ವಿನೆಗರ್ ಜಾತಿಯದು, ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ, ಪೂರ್ತಿ ಒಂದು ನಿಮಿಷ ಕಾದು, ಬೆಳಕು ಬಿಟ್ಟು ನೋಡುವುದು. ಬೆಳ್ಳಗೆ ದಟ್ಟವಾಗಿ ಏಳುವ ಜಾಗ ಅನುಮಾನದ ಜಾಗ. ದ್ರಾವಣವನ್ನು 5 ಮಿ.ಲೀ. ಗ್ಲೇಶಿಯಲ್ (ನೀರು ಬೆರೆಸದ) ಅಸಿಟಿಕ್ ಆಮ್ಲ, 95 ಮಿ.ಲೀ. ಡಿಸ್ಟಿಲ್ಡ್ ನೀರಿನ ಅಳತೆಯಲ್ಲಿ ಅವತ್ತಿಗವತ್ತು ಬೆರೆಸಬೇಕು. ಹಳೆಯದಾಗಿ ಸಪ್ಪೆಯಾದರೆ ಮಚ್ಚೆ ಏಳುವುದಿಲ್ಲ, ಬೆರೆಸದ ಆಮ್ಲ ತಗುಲಿದರೆ ಸುಡುತ್ತದೆ. ಮುಟ್ಟಿನ ದಿನಗಳಲ್ಲಿ ಹೋಗಬಾರದು. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಕ್ಕೆ ಸರಿದಿರುವುದರಿಂದ ಈ ವಿಧಾನ ಅಷ್ಟು ನಂಬಿಕೆಯದಲ್ಲ. ಅವರಿಗೆ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್ ಹುಡುಕುವ) ಪರೀಕ್ಷೆ ಎಲ್ಲಿ ಸಿಗುತ್ತದೆ ಎಂದು ಕೇಳುವುದು ಒಳ್ಳೆಯದು.

ಈ ವಿನೆಗರ್ ವಿಧಾನವನ್ನು ಟಾಟಾ ಸ್ಮಾರಕ ಆಸ್ಪತ್ರೆಯವರು ಮುಂಬೈಯ ಕೊಳೆಗೇರಿಗಳಲ್ಲಿ ಸುಮಾರು 1.5 ಲಕ್ಷ ಹೆಂಗಸರ ಮೇಲೆ ಪರೀಕ್ಷಿಸಿದ್ದರು. ನೋಡಿದವರು ಡಾಕ್ಟರಲ್ಲ, ಹತ್ತನೇ ತರಗತಿ ಓದಿ ತರಬೇತಿ ಪಡೆದ ಸ್ಥಳೀಯ ಹೆಂಗಸರು. ಆ ಕಾಯಿಲೆಯ ಸಾವು ಶೇ. 31 ಇಳಿಯಿತು. ಬೀದರ್–ಕಲಬುರಗಿಗೆ ಅಂಟಿಕೊಂಡ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದಕ್ಕೆ ಸಾವು ಅರ್ಧದಷ್ಟಾಯಿತೆಂದು 2009ರಲ್ಲಿ ವರದಿಯಾಯಿತು. ಸ್ತನವನ್ನು ಕೈಯಿಂದ ಪರೀಕ್ಷಿಸುವುದರ ಲಾಭ ಅಷ್ಟು ಸಲೀಸಲ್ಲ: ಮುಂಬೈಯದೇ ಅಧ್ಯಯನದಲ್ಲಿ 50 ದಾಟಿದವರಲ್ಲಿ ಸಾವು ಸುಮಾರು ಶೇ. 30 ಇಳಿದರೆ, ಅದಕ್ಕಿಂತ ಚಿಕ್ಕವರಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ದುಡ್ಡು ಕೊಟ್ಟು ಕೊಳ್ಳುವ ಪ್ಯಾಕೇಜಿನಲ್ಲಿ ಬಾಯಿ, ಗರ್ಭಕಂಠ, ಸ್ತನದ ಈ ತಪಾಸಣೆ ಸಾಮಾನ್ಯವಾಗಿ ಇರುವುದಿಲ್ಲ, ಇರುವುದು ರಕ್ತಪರೀಕ್ಷೆ. ಲ್ಯಾಬಿನ ‘ನಾರ್ಮಲ್ ರೇಂಜ್’ ಎಂದರೆ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಬೀಳುವ ಗಡಿ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದವರಿಗೂ ಒಂದಾದರೂ ಗಡಿಯಾಚೆ ಬಿದ್ದು ದಪ್ಪಕ್ಷರದಲ್ಲಿ ಬರುವ ಸಾಧ್ಯತೆ ಶೇ. 64. 80 ಟೆಸ್ಟಿನ ಗತಿ ಊಹಿಸಿಕೊಳ್ಳಿ. ‘ಕ್ಯಾನ್ಸರ್ ಮಾರ್ಕರ್’ ಎಂದು ಸೇರಿಸುವ ಸಿಎ-125 ರಕ್ತಪರೀಕ್ಷೆ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ ಅಂಡಾಶಯ ಕ್ಯಾನ್ಸರಿನ ಸಾವನ್ನು ತಗ್ಗಿಸಲಿಲ್ಲ.

ತಿಳಿವಳಿಕೆ ಹೇಳುವ ಭಾಗಕ್ಕೆ ಕಡಿಮೆ ಅಂಕ. ‘ಉಪ್ಪು ಕಡಿಮೆ ಮಾಡಿ, ವಾಕಿಂಗ್ ಮಾಡಿ’ ಎಂದರೆ ಯಾರೂ ಏನೂ ಬದಲಿಸುವುದಿಲ್ಲ. ಲೆಕ್ಕ ಕೊಟ್ಟರೆ ಮನೆಯಲ್ಲಿ ನಿಲ್ಲುತ್ತದೆ: ಒಬ್ಬರಿಗೆ ದಿನಕ್ಕೆ 5 ಗ್ರಾಂ ಎಂದರೆ ನಾಲ್ವರ ಮನೆಗೆ ತಿಂಗಳಿಗೆ 600 ಗ್ರಾಂ. ಒಂದು ಕಿಲೋ ಉಪ್ಪಿನ ಪ್ಯಾಕೆಟ್ 50 ದಿನ ಬರಬೇಕು, ಅದೂ ಕೊಂಡು ತರುವ ಉಪ್ಪಿನಕಾಯಿ, ಹಪ್ಪಳ, ಬೇಕರಿಯದನ್ನು ಬಿಟ್ಟು. ಶುಗರ್ ಇದ್ದವರಿಗೆ ‘ಅನ್ನ ಬಿಡಿ, ಮುದ್ದೆ ತಿನ್ನಿ’ ಎನ್ನುವವರು ಮುದ್ದೆಯ ಗಾತ್ರ ಹೇಳುವುದಿಲ್ಲ. ಹೇಳಿದ್ದು ತಿಳಿಯಿತೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ಈ ಮಾತ್ರೆ ಮನೆಗೆ ಹೋಗಿ ಹೇಗೆ ತಗೊಳ್ತೀರಿ, ನೀವೇ ಹೇಳಿ ನೋಡೋಣ’ ಎಂದಾಗ ಬಿಪಿ ಇಳಿದ ದಿನ ಮಾತ್ರೆ ನಿಲ್ಲಿಸುವ ಯೋಚನೆ ಇದೆಯೆಂಬುದು ಹೊರಬೀಳುತ್ತದೆ.

ಹೋಗುವಾಗ ಆಧಾರ್ ಅಥವಾ ಆಭಾ (ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ, ನುಂಗುತ್ತಿರುವ ಮಾತ್ರೆಗಳ ಹಾಳೆ ಜೊತೆಯಲ್ಲಿರಲಿ. ನಗರದವರು ಹತ್ತಿರದ ನಮ್ಮ ಕ್ಲಿನಿಕ್‌ನಲ್ಲಿ ವಿಚಾರಿಸಬಹುದು. ವಿನೆಗರ್ ಪರೀಕ್ಷೆಗೆ ಕೆಲವೆಡೆ ನಿಗದಿತ ದಿನ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಮುಂದಕ್ಕೆ ಕಳಿಸುವ ಚೀಟಿ ಕೈಗೆ ಬಂದರೆ ಯಾವ ಆಸ್ಪತ್ರೆ, ಯಾವ ದಿನ, ಯಾವ ಕೊಠಡಿ ಎಂಬುದನ್ನು ಅಲ್ಲಿಯೇ ಬರೆಸಿಕೊಂಡು ಏಳಬೇಕು. ಬಾಯಿ ನೋಡದೆ ‘ಆಯ್ತು, ಹೋಗಿ’ ಎಂದರೆ ಕುರ್ಚಿ ಬಿಡದೆ ‘ಮೇಡಂ, ಬಾಯಿ ಉಳೀತಲ್ಲ’ ಎನ್ನಬಹುದು. ಟಾರ್ಚು ಮೇಜಿನ ಡ್ರಾಯರಿನಲ್ಲೇ ಇರುತ್ತದೆ.