ಹೈ ಪ್ಲೇನ್ಸ್‌ನ ಫಾಲ್ ಸೀಸನ್ನಿಗೆ ವೆದರ್ ಡಾಟ್ ಗವ್ ಸಾಕಾ?

ಕೊಲೊರಾಡೋದ ಪೂರ್ವ ಭಾಗ, ಕ್ಯಾನ್ಸಸ್ ಮತ್ತು ನೆಬ್ರಾಸ್ಕಾದ ಪಶ್ಚಿಮ ಭಾಗ, ವಯೋಮಿಂಗ್‌ನ ಆಗ್ನೇಯ ಮೂಲೆ. ಇವೆಲ್ಲ ಅಮೆರಿಕದ ಹೈ ಪ್ಲೇನ್ಸ್, ಅಂದರೆ ಎತ್ತರದ ಬಯಲು ಸೀಮೆ. ಈ ಕಡೆ ಹೊಸದಾಗಿ ಬಂದವರು ಸೆಪ್ಟೆಂಬರ್ ಶುರುವಾಗುತ್ತಿದ್ದಂತೆ ಯಾವ ವೆದರ್ ಆ್ಯಪ್ ಒಳ್ಳೇದು ಅಂತ ಕೇಳುತ್ತಾರೆ. ನಾನು ಹೇಳೋದು ಇಷ್ಟೇ, ಸುಮ್ನೆ ದುಡ್ಡು ಕೊಡಬೇಡಿ. ಅಮೆರಿಕ ಸರ್ಕಾರದ ಹವಾಮಾನ ಇಲಾಖೆ ನ್ಯಾಷನಲ್ ವೆದರ್ ಸರ್ವೀಸ್‌ನವರ ವೆದರ್ ಡಾಟ್ ಗವ್ (weather.gov) ಸೈಟು ಪುಕ್ಕಟೆ ಇದೆ. ಜಾಹೀರಾತಿಲ್ಲ, ಲಾಗಿನ್ ಇಲ್ಲ. ನೋಡೋಕೆ ಮಾತ್ರ ಪಕ್ಕಾ ಹಳೇ ಕಾಲದ ಸರ್ಕಾರಿ ಸೈಟು, ಅದಕ್ಕೇ ಎಷ್ಟೋ ಜನ ಒಂದು ಸಲ ತೆರೆದು ಮುಚ್ಚಿಬಿಡುತ್ತಾರೆ.

ಇಲ್ಲಿನ ಫಾಲ್, ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಹವೆ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಎರಡು ಉದಾಹರಣೆ ಕೊಡುತ್ತೇನೆ. 2020ರ ಸೆಪ್ಟೆಂಬರ್ 5ಕ್ಕೆ ಡೆನ್ವರ್‌ನಲ್ಲಿ 101 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್. 7ಕ್ಕೆ 93 ಡಿಗ್ರಿ. 8ಕ್ಕೆ ಹಿಮ! 2019ರಲ್ಲಿ ಅಲ್ಲೇ ಅಕ್ಟೋಬರ್ 9ರ ಮಧ್ಯಾಹ್ನ 83 ಡಿಗ್ರಿ ಇದ್ದದ್ದು ಮಾರನೇ ದಿನ 13ಕ್ಕೆ ಇಳಿದಿತ್ತು. ಸೆಲ್ಸಿಯಸ್‌ನಲ್ಲಿ ಹೇಳಿದರೆ 28ರಿಂದ ಮೈನಸ್ 11ಕ್ಕೆ.

ಕಾರಣ ಭೂಮಿಯ ಆಕಾರದಲ್ಲೇ ಇದೆ. ಪಶ್ಚಿಮಕ್ಕೆ ರಾಕಿ ಬೆಟ್ಟಗಳು. ಉತ್ತರಕ್ಕೆ ಕೆನಡಾದವರೆಗೂ ತಣ್ಣನೆ ಗಾಳಿಯನ್ನು ತಡೆಯುವಂಥ ಬೆಟ್ಟಸಾಲು ಇಲ್ಲ. ಪಶ್ಚಿಮದ ಗಾಳಿ ಬೆಟ್ಟ ಇಳಿಯುತ್ತಾ ಬಿಸಿಯಾಗುತ್ತದೆ, ಒಣಗುತ್ತದೆ. ಆಗ ಅಕ್ಟೋಬರ್‌ನಲ್ಲೂ ಟೀ ಶರ್ಟ್ ಸಾಕು. ಗಾಳಿ ತಿರುಗಿ ಈಶಾನ್ಯದಿಂದಲೋ ಪೂರ್ವದಿಂದಲೋ ಬೀಸಿದರೆ ಕಥೆ ಉಲ್ಟಾ. ಸಪಾಟಾಗಿ ಕಾಣುವ ಈ ನೆಲ ನಿಜಕ್ಕೂ ಸಪಾಟಲ್ಲ. ಕ್ಯಾನ್ಸಸ್‌ನ ಗುಡ್‌ಲ್ಯಾಂಡ್ ಸುಮಾರು 1,100 ಮೀಟರ್ ಎತ್ತರದಲ್ಲಿದೆ, ಡೆನ್ವರ್ 1,600 ಮೀಟರ್. ಕಾರಿನಲ್ಲಿ ಕೂತವರಿಗೆ ಆ ಏರು ಗೊತ್ತೇ ಆಗೋದಿಲ್ಲ, ಗಾಳಿಗೆ ಗೊತ್ತಾಗುತ್ತದೆ. ಅದು ಏರುತ್ತಾ ತಣ್ಣಗಾಗಿ ಮಂಜು, ಜಿನುಗು ಮಳೆ, ಕೆಲವೊಮ್ಮೆ ಹಿಮ ಸುರಿಸುತ್ತದೆ. ಹಾಗಾಗಿ ಇಲ್ಲಿ ಕೇಳಬೇಕಾದದ್ದು ನಾಳೆ ಎಷ್ಟು ಡಿಗ್ರಿ ಅಂತ ಅಲ್ಲ, ಗಾಳಿ ಎಷ್ಟು ಗಂಟೆಗೆ ತಿರುಗುತ್ತದೆ ಅಂತ.

ಫೋನಿನ ಆ್ಯಪ್‌ಗಳು ಸೋಲೋದು ಇಲ್ಲೇ. ದಿನಕ್ಕೊಂದು ಚಿತ್ರ, ಒಂದು ಗರಿಷ್ಠ, ಒಂದು ಕನಿಷ್ಠ. ನಾನು ಚಂದಾ ಕಟ್ಟಿ ಬಳಸುತ್ತಿದ್ದ ಒಂದು ಆ್ಯಪ್ (ಹೆಸರು ಬೇಡ ಬಿಡಿ) ಗರಿಷ್ಠ 60 ಫ್ಯಾರನ್‌ಹೀಟ್ (16 ಸೆಲ್ಸಿಯಸ್) ಅಂತ ತೋರಿಸಿ ಪಕ್ಕದಲ್ಲಿ ಮೋಡದ ಚಿತ್ರ ಹಾಕಿತ್ತು. 60 ಬಂದದ್ದು ನಿಜವೇ, ಆದರೆ ಬೆಳಿಗ್ಗೆ. ಸಂಜೆ ಮಕ್ಕಳನ್ನು ಆಟದ ಮೈದಾನದಿಂದ ಕರೆತರುವ ಹೊತ್ತಿಗೆ ಕೈ ಮರಗಟ್ಟುವ ಚಳಿ. ವೆದರ್ ಡಾಟ್ ಗವ್‌ನಲ್ಲಾದರೆ ಅಂಥ ದಿನಗಳಿಗೆ ಒಂದು ಸಾಲು ಬರೆದಿರುತ್ತಾರೆ, ಗರಿಷ್ಠ 60ರ ಆಸುಪಾಸು, ಆಮೇಲೆ ಇಳಿಯುತ್ತಾ ಸಂಜೆ 5ಕ್ಕೆ 40 (4 ಸೆಲ್ಸಿಯಸ್) ಅನ್ನೋ ಥರ. ಆ ಒಂದು ಸಾಲಿಗೆ ನಾನು ಸ್ಟಾರ್ ಕೊಡುತ್ತೇನೆ.

ನಿಜವಾದ ಮಜಾ ಗಂಟೆಗಂಟೆಯ ಗ್ರಾಫ್‌ನಲ್ಲಿದೆ. ಪುಟದ ಕೆಳಗೆ ಬಲಗಡೆ ಚಿಕ್ಕದಾಗಿ ಇರುತ್ತದೆ, ಒತ್ತಿದರೆ 48 ಗಂಟೆಯ ಲೆಕ್ಕ ತೆರೆದುಕೊಳ್ಳುತ್ತದೆ. ಕೆಂಪು ಗೆರೆ ತಾಪಮಾನ. ಹಸಿರು ಗೆರೆ ಡ್ಯೂ ಪಾಯಿಂಟ್, ಅಂದರೆ ಗಾಳಿಯಲ್ಲಿ ಎಷ್ಟು ತೇವ ಇದೆ ಅನ್ನೋದರ ಅಂದಾಜು. ಒಣ ಬಿಸಿಲಿನ ದಿನ ಇವೆರಡೂ ಒಂದಕ್ಕೊಂದು ಬಹಳ ದೂರ. ಫ್ರಂಟ್, ಅಂದರೆ ನುಗ್ಗಿ ಬರುವ ತಣ್ಣನೆ ಗಾಳಿಯ ಮುಂಚೂಣಿ, ಬರುವ ಗಂಟೆಗೆ ಕೆಂಪು ಗೆರೆ ಬಾವಿಗೆ ಕೊಡ ಬಿಟ್ಟ ಹಾಗೆ ಸರ್ರನೆ ಇಳಿಯುತ್ತದೆ. ಕೆಳಗಿನ ಗಾಳಿಯ ಗೆರೆ ಅದೇ ಹೊತ್ತಿಗೆ ಮೇಲೆ ಹಾರುತ್ತದೆ, ದಿಕ್ಕಿನ ಗುರುತುಗಳು ನೈಋತ್ಯದಿಂದ ಉತ್ತರಕ್ಕೆ ತಿರುಗುತ್ತವೆ. ಆಮೇಲೆ ಕೆಂಪು, ಹಸಿರು ಎರಡೂ ಅಂಟಿಕೊಂಡೇ ಸಾಗಿದರೆ ಮಂಜು ಮುಸುಕುವ ಸಾಧ್ಯತೆ ಜಾಸ್ತಿ, ಬೆಳಗಿನ ಡ್ರೈವ್‌ಗೆ ಅರ್ಧ ಗಂಟೆ ಮೊದಲೇ ಹೊರಡಿ. ಇಷ್ಟು ಓದೋಕೆ ಬಂದರೆ ಮಿಕ್ಕ ಚಿತ್ರಗಳೆಲ್ಲ ಬೇಡ.

ಇನ್ನೊಂದು ಇದೆ, ಫೋರ್‌ಕಾಸ್ಟ್ ಡಿಸ್ಕಷನ್. ಮುನ್ಸೂಚನೆ ಕೊಡುವವರು ಯಾಕೆ ಹಾಗೆ ಹೇಳುತ್ತಿದ್ದೇವೆ ಅಂತ ತಾವೇ ಬರೆದು ಹಾಕುವ ಟಿಪ್ಪಣಿ. 2016ರವರೆಗೆ ಇದು ಪೂರ್ತಿ ದೊಡ್ಡಕ್ಷರದಲ್ಲಿ ಬರುತ್ತಿತ್ತು, ಓದಿದರೆ ಯಾರೋ ಬೈದ ಹಾಗೆ! ಈಗ ವಾಸಿ. ಭಾಷೆ ಸ್ವಲ್ಪ ಒರಟು, ತಾಂತ್ರಿಕ ಪದಗಳು ಜಾಸ್ತಿ. ಆದರೂ ಒಂದು ಕಂಪ್ಯೂಟರ್ ಮಾಡೆಲ್ ಹಿಮ ಅನ್ನುತ್ತಿದೆ, ಇನ್ನೊಂದು ಬರೀ ಮಳೆ ಅನ್ನುತ್ತಿದೆ, ನಮಗೂ ಅಷ್ಟು ನಂಬಿಕೆ ಇಲ್ಲ ಅಂತ ಬಾಯಿಬಿಟ್ಟು ಹೇಳುತ್ತಾರಲ್ಲ, ದುಡ್ಡು ಕೇಳುವ ಆ್ಯಪ್ ಹಾಗೆ ಹೇಳಿದ್ದನ್ನು ನಾನಂತೂ ನೋಡಿಲ್ಲ. ದೇಶದಲ್ಲಿ ಹೀಗೆ ಮುನ್ಸೂಚನೆ ಬರೆಯುವ 122 ಕಚೇರಿಗಳಿವೆ. ಕೊಲೊರಾಡೋದ ಬರ್ಲಿಂಗ್ಟನ್‌ನಲ್ಲಿ ಇರುವವರಿಗೆ ಮುನ್ಸೂಚನೆ ಬರೆಯೋದು ಬೋಲ್ಡರ್ ಕಚೇರಿ ಅಲ್ಲ, ಗಡಿಯಾಚೆಯ ಗುಡ್‌ಲ್ಯಾಂಡ್ ಕಚೇರಿ. ಯಾರ ಟಿಪ್ಪಣಿ ಓದಬೇಕು ಅನ್ನೋದನ್ನ ನೋಡಿಕೊಳ್ಳಿ.

ಎಚ್ಚರಿಕೆಗಳ ಬಗ್ಗೆ ತಮಾಷೆ ಬೇಡ. ಹೈ ವಿಂಡ್ ವಾರ್ನಿಂಗ್ ಅಂದರೆ ಸಾಮಾನ್ಯವಾಗಿ ಗಂಟೆಗೆ 58 ಮೈಲಿ, ಅಂದರೆ 93 ಕಿ.ಮೀ. ಅಥವಾ ಅದಕ್ಕೂ ಜೋರಾದ ಗಾಳಿಯ ಹೊಡೆತ. ವಯೋಮಿಂಗ್‌ನ ಶಾಯೆನ್‌ನಿಂದ ಲಾರಮಿಗೆ ಹೋಗುವ ಐ-80 ಹೆದ್ದಾರಿಯಲ್ಲಿ ಜೋರು ಗಾಳಿ ಇದ್ದರೆ ಹಗುರವಾದ, ಎತ್ತರದ ಗಾಡಿಗಳನ್ನು ಬಿಡೋದೇ ಇಲ್ಲ. ಮನೆ ಸಾಮಾನು ತುಂಬಿದ ಬಾಡಿಗೆ ಟ್ರಕ್ ಓಡಿಸುವವರು ಇದನ್ನ ಗಮನಿಸಿ. 2013ರ ಅಕ್ಟೋಬರ್ ಮೊದಲ ವಾರ ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಮೊದಲು ಮಳೆ ಬಂದು ದನಗಳೆಲ್ಲ ತೊಯ್ದವು, ಹಿಂದೆಯೇ ಗಾಳಿ, ಹಿಮ. ಅವು ಇನ್ನೂ ಬೇಸಿಗೆಯ ಹುಲ್ಲುಗಾವಲಿನಲ್ಲೇ ಇದ್ದವು, ಚಳಿಗಾಲದ ದಪ್ಪ ಕೂದಲು ಬೆಳೆದಿರಲಿಲ್ಲ. ಸಾವಿರಾರು ದನ ಸತ್ತವು. ಆಗ ಬಜೆಟ್ ಪಾಸಾಗದೆ ಫೆಡರಲ್ ಸರ್ಕಾರ ಬಂದ್ ಆಗಿತ್ತು, ಹವಾಮಾನದವರು ಸಂಬಳ ಕೈಗೆ ಬರದೆ ಡ್ಯೂಟಿ ಮಾಡುತ್ತಿದ್ದರು. ಹಳೇ ಸೈಟು ಅಂತ ನಗೋ ಮೊದಲು ಇದೂ ನೆನಪಿರಲಿ ಅಲ್ವಾ.

ಕೊರತೆಗಳಿಲ್ಲವೇ? ಇವೆ. ಇವರದ್ದೇ ಆದ ಫೋನ್ ಆ್ಯಪ್ ಇಲ್ಲ. ತಾಪಮಾನ 32 ಡಿಗ್ರಿ ಫ್ಯಾರನ್‌ಹೀಟ್ (ಸೊನ್ನೆ ಸೆಲ್ಸಿಯಸ್) ಹತ್ತಿರ ಸುಳಿದಾಡುವ ದಿನಗಳಲ್ಲಿ ಹಿಮದ ಇಂಚುಗಳ ಲೆಕ್ಕ ನೆಚ್ಚಿಕೊಂಡು ಕೂರಬೇಡಿ. ಡೆನ್ವರ್‌ನಲ್ಲಿ ಮಳೆ, ದಕ್ಷಿಣದ ಪಾಮರ್ ಡಿವೈಡ್ ದಿಣ್ಣೆಯ ಮೇಲೆ ಹಿಮ, ಹೀಗೆ ಆಗುತ್ತಲೇ ಇರುತ್ತದೆ. ರೇಡಾರ್‌ನಲ್ಲಿ ಮಳೆಯ ಹಸಿರು ಕಾಣುತ್ತದೆ, ಹೊರಗೆ ಬಂದರೆ ನೆಲ ಒಣಗಿರುತ್ತದೆ, ಯಾಕಂದರೆ ಇಲ್ಲಿನ ಒಣ ಗಾಳಿಯಲ್ಲಿ ಹನಿಗಳು ಎಷ್ಟೋ ಸಲ ಕೆಳಗೆ ಬರೋ ಮೊದಲೇ ಆವಿಯಾಗುತ್ತವೆ. ರಸ್ತೆ ತೆರೆದಿದೆಯೋ ಇಲ್ಲವೋ ಅನ್ನೋದಕ್ಕೆ ಕೊಲೊರಾಡೋದಲ್ಲಿ ಸಿಒ ಟ್ರಿಪ್, ಕ್ಯಾನ್ಸಸ್‌ನಲ್ಲಿ ಕ್ಯಾನ್‌ಡ್ರೈವ್ ಅನ್ನೋ ಸೈಟುಗಳನ್ನು ಬೇರೆಯಾಗಿ ನೋಡಬೇಕು. ಇವೆಲ್ಲಕ್ಕೂ ಸೇರಿಸಿ ಅರ್ಧ ಸ್ಟಾರ್ ಕಡಿತ, ಐದಕ್ಕೆ ನಾಲ್ಕೂವರೆ.

ಬಳಸುವವರಿಗೆ ಒಂದು ಮಾತು. ಝಿಪ್ ಕೋಡ್ (ಅಲ್ಲಿನ ಪಿನ್ ಕೋಡ್) ಹಾಕಿ ಹುಡುಕಬೇಡಿ. ಬಯಲಿನ ಕಡೆ ಒಂದೊಂದು ಝಿಪ್ ಕೋಡ್ ಮೈಲಿಗಟ್ಟಲೆ ಹರಡಿರುತ್ತದೆ, ಅದರ ನಡುವಿನ ಎಲ್ಲೋ ಒಂದು ಜಾಗದ ಲೆಕ್ಕ ಬಂದುಬಿಡುತ್ತದೆ. ಮ್ಯಾಪ್ ಹಿಗ್ಗಿಸಿ ನಿಮ್ಮ ಮನೆಯ ಮೇಲೇ ಒತ್ತಿ, ಸುಮಾರು 2.5 ಕಿ.ಮೀ. ಚೌಕದ ಮುನ್ಸೂಚನೆ ಬರುತ್ತದೆ. ಆ ಪುಟವನ್ನು ಫೋನಿನ ಹೋಮ್ ಸ್ಕ್ರೀನಿಗೆ ಹಾಕಿಕೊಂಡರೆ ಆ್ಯಪ್ ಇಲ್ಲದ ಕೊರತೆಯೂ ಅಷ್ಟಾಗಿ ಕಾಣೋದಿಲ್ಲ.