ಬೇರಿಗೆ ಏನು ಕೊಡಬೇಕು: ಮಾತ್ರೆಯೋ, ಕ್ಯಾಪ್ಸೂಲೋ, ಕೆಮ್ಮಣ್ಣಿನ ಉಂಡೆಯೋ?

ಅಕ್ವೇರಿಯಂ ತೊಟ್ಟಿಯಲ್ಲಿ ಬೆಳೆಸುವ ಅಮೆಜಾನ್ ಸ್ವೋರ್ಡ್ ಎಂಬ ನೀರುಗಿಡವನ್ನು ಬರೀ ತೊಳೆದ ಮರಳಿನಲ್ಲಿ ನೆಟ್ಟರೆ ಆರಂಭದಲ್ಲಿ ಯಾವ ತಕರಾರೂ ಕಾಣಿಸುವುದಿಲ್ಲ. ನರ್ಸರಿಯಲ್ಲಿದ್ದಾಗ ಎಲೆ, ಬೇರುಗಳಲ್ಲಿ ಕೂಡಿಟ್ಟುಕೊಂಡ ಸತ್ವದಿಂದಲೇ ಅದು ಕೆಲವು ವಾರ ಹೊಸ ಎಲೆ ಬಿಡುತ್ತದೆ. ಆ ದಾಸ್ತಾನು ಮುಗಿದ ಮೇಲೆ ಹಳೆಯ ಎಲೆಗಳು ಒಂದೊಂದಾಗಿ ಹಳದಿಗೆ ತಿರುಗುತ್ತವೆ. ಹೊಸ ಎಲೆ ಹಿಂದಿನದಕ್ಕಿಂತ ಚಿಕ್ಕದಾಗುತ್ತಾ ಹೋಗುತ್ತದೆ. ಅಲ್ಲಿಂದ ಬೇರು ಗೊಬ್ಬರದ ಹುಡುಕಾಟ ಶುರು. ಮಾರುಕಟ್ಟೆಯಲ್ಲಿ ಹೆಸರುಗಳು ಹತ್ತಾರಿದ್ದರೂ ಬಗೆಗಳು ಹೆಚ್ಚುಕಡಿಮೆ ಮೂರೇ: ಕಾರ್ಖಾನೆಯಲ್ಲಿ ಒತ್ತಿ ಮಾಡಿದ ಮಾತ್ರೆ, ನಿಧಾನವಾಗಿ ಕರಗುವ ತೋಟದ ಗೊಬ್ಬರವನ್ನು ತುಂಬಿದ ಕ್ಯಾಪ್ಸೂಲ್, ಮತ್ತು ಮಣ್ಣಿನ ಉಂಡೆ.

ಮೂರನ್ನೂ ಒಂದೇ ತೊಟ್ಟಿಯಲ್ಲಿ ಪರೀಕ್ಷಿಸಿದೆ. ಸ್ವೋರ್ಡ್ ಗಿಡ ಹೂಕಾಂಡದ ಗೆಣ್ಣುಗಳಲ್ಲಿ ಮರಿಗಿಡಗಳನ್ನು ಹುಟ್ಟಿಸುತ್ತದೆ. ಒಂದೇ ತಾಯಿಗಿಡದ, ಒಂದೇ ಅಳತೆಯ ಮರಿಗಳನ್ನು ಬಿಡಿಸಿ, ಮರಳು ತುಂಬಿದ ಸಣ್ಣ ಮಣ್ಣಿನ ಕುಂಡಗಳಲ್ಲಿ ನೆಟ್ಟು, ಒಂದೇ ದೀಪದ ಕೆಳಗೆ ಸಾಲಾಗಿ ಇಟ್ಟೆ. ಒಂದು ಕುಂಡಕ್ಕೆ ಏನನ್ನೂ ಹಾಕಲಿಲ್ಲ. ನೀರು, ಬೆಳಕು, ಮೀನು ಎಲ್ಲಕ್ಕೂ ಸಮ. ವ್ಯತ್ಯಾಸವೇನಿದ್ದರೂ ಬೇರಿನ ಬುಡದಲ್ಲಿ. ಕುಂಡದಿಂದ ಒಂದಿಷ್ಟು ಸತ್ವ ನೀರಿಗೆ ಸೋರುವುದನ್ನು ತಡೆಯಲಾಗದು. ಆದರೂ ಬೇರೆ ಬೇರೆ ತೊಟ್ಟಿಗಳ ಗಿಡಗಳನ್ನು ಹೋಲಿಸುವುದಕ್ಕಿಂತ ಈ ಕ್ರಮ ಹೆಚ್ಚು ನಂಬಿಕೆಗೆ ಅರ್ಹ.

ಮೊದಲು ಮಾತ್ರೆ. ಸೀಕೆಮ್ ಕಂಪನಿಯ ಫ್ಲರಿಶ್ ಟ್ಯಾಬ್ಸ್ ಈ ಬಗೆಯಲ್ಲಿ ಹೆಚ್ಚು ಹೆಸರಾದದ್ದು. ಅದರ ಲೇಬಲ್ ಓದಿದರೆ ಹಲವರಿಗೆ ನಿರಾಸೆಯಾಗುತ್ತದೆ: ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ತಲಾ ಶೇಕಡಾ ಒಂದಕ್ಕಿಂತ ಕಡಿಮೆ. ಅದರಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ, ಗಂಧಕ, ಕಬ್ಬಿಣ ಮತ್ತು ಸೂಕ್ಷ್ಮ ಪೋಷಕಾಂಶಗಳು. ಇಷ್ಟಕ್ಕೆ ಇಷ್ಟು ಬೆಲೆಯೇ ಎಂದು ಕೇಳುವವರಿಗೆ ನನ್ನ ಉತ್ತರ, ನಿಮ್ಮ ತೊಟ್ಟಿಯಲ್ಲಿ ಎಷ್ಟು ಮೀನುಗಳಿವೆ ಎಂಬ ಮರುಪ್ರಶ್ನೆ. ದಿನವೂ ಮೀನಿಗೆ ಹಾಕುವ ಆಹಾರದಿಂದ ಸಾರಜನಕ, ರಂಜಕಗಳು ನೀರಿಗೆ ಸೇರುತ್ತಲೇ ಇರುತ್ತವೆ. ಆ ದಾರಿಯಲ್ಲಿ ಕಬ್ಬಿಣ ಸಾಕಷ್ಟು ಬರುವುದಿಲ್ಲ. ಮೀನು ತುಂಬಿದ ತೊಟ್ಟಿಗೆ ಈ ಮಾತ್ರೆ ಕೊರತೆಯನ್ನಷ್ಟೇ ತುಂಬುತ್ತದೆ, ಇರುವುದರ ಮೇಲೆ ಮತ್ತೆ ಸುರಿಯುವುದಿಲ್ಲ. ನನ್ನ ಮಾತ್ರೆಯ ಕುಂಡದಲ್ಲಿ ಎಲೆಗಳ ಅಳತೆ ಹೇಳಿಕೊಳ್ಳುವಷ್ಟು ದೊಡ್ಡದಾಗಲಿಲ್ಲ. ಬಣ್ಣ ಮಾತ್ರ ಬೇಗ ಸುಧಾರಿಸಿತು. ಖಾಲಿ ಕುಂಡದ ಗಿಡದಲ್ಲಿ ಹೊಸ ಎಲೆ ಬಿಚ್ಚಿಕೊಂಡಾಗ ನರಗಳು ಹಸಿರಾಗಿಯೂ ನರಗಳ ನಡುವಿನ ಭಾಗ ಬಿಳಿಚಿಕೊಂಡೂ ಇರುತ್ತಿತ್ತು. ಇದು ಕಬ್ಬಿಣದ ಕೊರತೆಯ ಗುರುತು. ಮಾತ್ರೆ ಹಾಕಿದ ಗಿಡದ ಎಲೆ ತುದಿಯಿಂದ ಬುಡದವರೆಗೂ ಒಂದೇ ಹಸಿರಾಗಿ ಬಿಚ್ಚಿಕೊಂಡಿತು.

ಕಬ್ಬಿಣವನ್ನು ದ್ರವ ಗೊಬ್ಬರದಲ್ಲೇ ಕೊಡಬಹುದಲ್ಲ ಎನ್ನಬಹುದು. ಬೆಂಗಳೂರಿನ ಕೊಳವೆ ಬಾವಿ ನೀರು ಬಳಸುವವರು ಇಲ್ಲಿ ಸ್ವಲ್ಪ ಎಚ್ಚರ ವಹಿಸಬೇಕು. ಅಗ್ಗದ ದ್ರವ ಗೊಬ್ಬರಗಳಲ್ಲಿ ಕಬ್ಬಿಣವನ್ನು ಕರಗಿದ ರೂಪದಲ್ಲೇ ಹಿಡಿದಿಟ್ಟಿರುವುದು ಸಾಮಾನ್ಯವಾಗಿ ಇಡಿಟಿಎ ಎಂಬ ರಾಸಾಯನಿಕ. ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 6.5 ದಾಟಿದಂತೆ ಅದರ ಹಿಡಿತ ಸಡಿಲವಾಗುತ್ತದೆ. ಅಂಥದ್ದೇ ಇನ್ನೊಂದು ರಾಸಾಯನಿಕವಾದ ಡಿಟಿಪಿಎ ಹಿಡಿದಿಟ್ಟ ಕಬ್ಬಿಣ ಸುಮಾರು 7.5ರವರೆಗೆ ತಾಳುತ್ತದೆ. ಗಡಸು ನೀರಿನ ಪಿಎಚ್ ಹಲವು ಕಡೆ ಅದಕ್ಕೂ ಮೇಲಿರುವುದರಿಂದ, ಬಾಟಲಿಯಿಂದ ಸುರಿದ ಕಬ್ಬಿಣದ ಬಹುಪಾಲು ಗಿಡಕ್ಕೆ ದಕ್ಕುವ ಮೊದಲೇ ತಳ ಸೇರುತ್ತದೆ. ಮರಳಿನ ಆಳದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಆಮ್ಲಜನಕ ಕಡಿಮೆ; ಕಬ್ಬಿಣ ಕರಗಬಲ್ಲ ಫೆರಸ್ ರೂಪದಲ್ಲಿ ಉಳಿಯುತ್ತದೆ. ಗಡಸು ನೀರಿನವರಿಗೆ ಬೇರು ಗೊಬ್ಬರ ಅಷ್ಟು ಚೆನ್ನಾಗಿ ಒದಗುವುದು ಇದೇ ಕಾರಣಕ್ಕೆ.

ಈಗ ಕ್ಯಾಪ್ಸೂಲ್. ಆಸ್ಮೋಕೋಟ್‌ನಂಥ ಹರಳುಗೊಬ್ಬರವನ್ನು ಖಾಲಿ ಜೆಲಾಟಿನ್ ಕ್ಯಾಪ್ಸೂಲ್‌ಗಳಲ್ಲಿ ತುಂಬಿ ಮಾಡಿಕೊಳ್ಳುವಂಥದ್ದು. ತುಂಬಿದ್ದೇ ಸಿಗುವುದೂ ಉಂಟು. ಪ್ರತಿ ಹರಳಿಗೂ ರಾಳದ ತೆಳು ಲೇಪನವಿದೆ. ನೀರು ಒಳಗಿಳಿದು ಗೊಬ್ಬರವನ್ನು ಕರಗಿಸುತ್ತದೆ, ಕರಗಿದ್ದು ಲೇಪನದ ಮೂಲಕ ಸ್ವಲ್ಪಸ್ವಲ್ಪವೇ ಹೊರಬರುತ್ತದೆ. ಪೊಟ್ಟಣದ ಮೇಲಿನ 14-14-14 ಎಂಬ ಅಂಕಿಯೇ, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಶೇಕಡಾ ಪ್ರಮಾಣವೇ, ಇದರ ಶಕ್ತಿ ಹೇಳುತ್ತದೆ. ಸೂಕ್ಷ್ಮ ಪೋಷಕಾಂಶಗಳಿರುವ 15-9-12ರ ಬಗೆ ಸಿಕ್ಕರೆ ಅದೇ ಮೇಲು.

ಬೆಳವಣಿಗೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಕ್ಯಾಪ್ಸೂಲ್ ಹಾಕಿದ ಸ್ವೋರ್ಡ್‌ನ ಎಲೆ ಪಕ್ಕದ ಕುಂಡದ ಎಲೆಯನ್ನು ನೆರಳಿನಲ್ಲಿಡುವಷ್ಟು ಅಗಲವಾಯಿತು. ಕುಂಡವನ್ನು ಎತ್ತಿ ನೋಡಿದಾಗ ತಳದ ತೂತಿನಿಂದ ಬಿಳಿ ಬೇರುಗಳು ಗೊಂಚಲಾಗಿ ಹೊರಬಂದಿದ್ದವು. ಹಳೆಯ ಎಲೆ ಹಳದಿಯಾಗುವುದು ಪೂರ್ತಿ ನಿಂತಿತು.

ಅಪಾಯವೂ ಇದರಲ್ಲೇ ಹೆಚ್ಚು. ಗೊಬ್ಬರದ ಸಾರಜನಕದಲ್ಲಿ ಒಂದು ಪಾಲು ಅಮೋನಿಯಂ ರೂಪದಲ್ಲಿರುತ್ತದೆ. ಮರಳಿನ ಕೆಳಗಿರುವಷ್ಟು ಕಾಲ ಬೇರು ಅದನ್ನು ಎಳೆದುಕೊಳ್ಳುತ್ತದೆ. ಮೇಲೆ ಬಂದರೆ ಮೀನಿನ ಜೀವಕ್ಕೆ ಸಂಚಕಾರ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇಕಡಾ ಅರ್ಧದಷ್ಟು. ಪಿಎಚ್ 8ಕ್ಕೆ ಏರಿದರೆ ಅದು ಶೇಕಡಾ 5ರಷ್ಟಾಗುತ್ತದೆ. ಅಂದರೆ ಅಷ್ಟೇ ಗೊಬ್ಬರ ಗಡಸು ನೀರಿನಲ್ಲಿ ಹತ್ತು ಪಟ್ಟು ಅಪಾಯಕಾರಿ. ಮರಳನ್ನು ಕೆದಕುವ ಕೋರಿಡೋರಸ್, ಲೋಚ್ ಮೀನುಗಳಿರುವ ತೊಟ್ಟಿಗೆ ಇದನ್ನು ಹಾಕುವ ಮೊದಲು ಎರಡು ಬಾರಿ ಯೋಚಿಸಿ. ನನ್ನ ಲೋಚ್‌ಗಳು ಕುಂಡದ ಮರಳನ್ನು ಕೆದಕಿ ಹರಳುಗಳನ್ನು ಮೇಲೆ ತಂದಿದ್ದವು. ಕೆಲವೇ ದಿನಗಳಲ್ಲಿ ಆ ಕುಂಡದ ಸುತ್ತ ಹಸಿರು ನೂಲುಪಾಚಿ ಹಬ್ಬಿತು. ಹರಳುಗಳನ್ನು ಹೀರುಕೊಳವೆಯಿಂದ ತೆಗೆದು, ನೀರು ಬದಲಿಸಿ, ಕುಂಡದ ಮೇಲೆ ಗುಂಡುಕಲ್ಲುಗಳನ್ನು ಹರಡಿದ ಮೇಲೆ ಎಲ್ಲ ಹತೋಟಿಗೆ ಬಂತು.

ಇನ್ನೊಂದು ವಿಷಯ ಉಷ್ಣಾಂಶದ್ದು. ಪೊಟ್ಟಣದ ಮೇಲಿರುವ ತಿಂಗಳುಗಳ ಲೆಕ್ಕ ಸುಮಾರು 21 ಡಿಗ್ರಿ ಮಣ್ಣಿಗೆ ಹೊಂದುವಂಥದ್ದು. ನಮ್ಮ ತೊಟ್ಟಿಗಳು 26-28 ಡಿಗ್ರಿಯಲ್ಲಿರುತ್ತವೆ, ಬೇಸಿಗೆಯಲ್ಲಿ ಇನ್ನೂ ಮೇಲೆ. ಬಿಸಿ ಹೆಚ್ಚಿದಷ್ಟೂ ಗೊಬ್ಬರ ಬೇಗ ಹೊರಬರುತ್ತದೆ. ಆದ್ದರಿಂದ ಕ್ಯಾಪ್ಸೂಲ್ ಪೂರ್ತಿ ತುಂಬಬಾರದು; ನಾಲ್ಕಾರು ಹರಳು ಹಾಕಿ ಉಳಿದ ಜಾಗಕ್ಕೆ ಮರಳು ತುಂಬಿದರೆ ಸಾಕು. ಮರಳಿನ ಭಾರಕ್ಕೆ ಕ್ಯಾಪ್ಸೂಲ್ ತೇಲುವುದೂ ತಪ್ಪುತ್ತದೆ. ಒಳಗೆ ಸಿಕ್ಕಿಕೊಂಡ ಗಾಳಿ ಹೋಗಲು ಸೂಜಿಯಿಂದ ಎರಡೂ ತುದಿಗೆ ಚುಚ್ಚಬೇಕು.

ಮಣ್ಣಿನ ಉಂಡೆಯ ಬಗ್ಗೆ ನನಗೆ ವಿಶೇಷ ಅಕ್ಕರೆ. ಕರಾವಳಿಯಲ್ಲಿ ಮನೆ ಕಟ್ಟುವ ಮುರಕಲ್ಲು ಇದೆಯಲ್ಲ, ಅದನ್ನೇ ಭೂವಿಜ್ಞಾನದಲ್ಲಿ ಲ್ಯಾಟರೈಟ್ ಎನ್ನುವುದು. ಆ ಹೆಸರಿಟ್ಟವನು ಸ್ಕಾಟ್ಲೆಂಡಿನ ವೈದ್ಯ, ಸಮೀಕ್ಷಕ ಫ್ರಾನ್ಸಿಸ್ ಬುಕಾನನ್, ಮಲಬಾರಿನ ಕಲ್ಲನ್ನು ನೋಡಿ, 1807ರಲ್ಲಿ. 1980ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂ ಹವ್ಯಾಸಿಗಳು ಅದೇ ಕೆಂಪು ಮಣ್ಣನ್ನು ಜಲ್ಲಿಯ ಕೆಳಗೆ ಹಾಕಿ ಗಿಡ ಬೆಳೆಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ನಮ್ಮ ಅಂಗಳದ ಮಣ್ಣನ್ನು ಅವರು ಡಬ್ಬಿಯಲ್ಲಿ ಕೊಳ್ಳುತ್ತಿದ್ದರು. ನಾವು ಜರಡಿ ಹಿಡಿದು ಉಂಡೆ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ ಆಯಿತು. ಬೆಳೆ ಬೆಳೆಯುವ ಹೊಲದ ಮಣ್ಣು ಬೇಡ, ಕೀಟನಾಶಕದ ಅಂಶ ಇರಬಹುದು. ಪಾಳುಭೂಮಿಯಲ್ಲಿ ಮೇಲ್ಪದರ ಸರಿಸಿ ಕೆಳಗಿನದನ್ನು ತೆಗೆದುಕೊಳ್ಳಿ.

ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡಿನದು. ಆಮ್ಲಜನಕವಿಲ್ಲದ ಆಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಬೇರಿಗೆ ಸಿಗುವ ರೂಪಕ್ಕೆ ತರುತ್ತವೆ. ಸಾರಜನಕ, ಪೊಟ್ಯಾಷ್ ಮಾತ್ರ ನಗಣ್ಯ. ಅವುಗಳನ್ನು ಹಿಡಿದಿಟ್ಟುಕೊಳ್ಳುವ ಗುಣವೂ ಕೆಮ್ಮಣ್ಣಿಗೆ ಕಡಿಮೆ. ಆ ಗುಣ ಉತ್ತರ ಕರ್ನಾಟಕದ ಎರೆಮಣ್ಣಿಗೆ ಧಾರಾಳವಾಗಿದೆ. ಹಾಗಾಗಿ ನಾಲ್ಕು ಪಾಲು ಕೆಂಪಿಗೆ ಒಂದು ಪಾಲು ಎರೆಮಣ್ಣು ಬೆರೆಸಿದ ಉಂಡೆಯನ್ನೂ ಪ್ರಯತ್ನಿಸಿದೆ. ಬರೀ ಎರೆಮಣ್ಣು ನೀರಿನಲ್ಲಿ ಊದಿ ಬಿಚ್ಚಿಕೊಳ್ಳುತ್ತದೆ, ತೊಟ್ಟಿಯನ್ನೆಲ್ಲ ಕದಡುತ್ತದೆ. ಅದರಲ್ಲಿ ಸುಣ್ಣದ ಹರಳುಗಳಿರುವುದೂ ಸಾಮಾನ್ಯ, ಆರಿಸಿ ತೆಗೆಯದಿದ್ದರೆ ನೀರು ಇನ್ನಷ್ಟು ಗಡಸಾಗುತ್ತದೆ. ಈ ಮಿಶ್ರಣದಲ್ಲಿ ಸ್ವೋರ್ಡ್ ಗಿಡಕ್ಕೆ ಬಣ್ಣ ಬಂತು. ಅಳತೆ ಬರಲಿಲ್ಲ, ಹಳೆಯ ಎಲೆ ಹಳದಿಯಾಗುವುದೂ ನಿಲ್ಲಲಿಲ್ಲ. ಆದರೆ ಕ್ರಿಪ್ಟೋಕೊರೈನ್ ಗಿಡಗಳಿಗೆ ಇದು ಒಗ್ಗಿದಷ್ಟು ಬೇರೆ ಯಾವುದೂ ಒಗ್ಗಲಿಲ್ಲ. ಅವುಗಳಲ್ಲಿ ಸ್ಪೈರಾಲಿಸ್, ರೆಟ್ರೋಸ್ಪೈರಾಲಿಸ್ ಎಂಬ ಜಾತಿಗಳು ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಬೆಳೆಯುವ ಗಿಡಗಳು. ನಿಧಾನವಾಗಿ ಬೆಳೆಯುವ ಅವುಗಳಿಗೆ ಕ್ಯಾಪ್ಸೂಲಿನ ಅವಸರ ಬೇಕಿಲ್ಲ. ಸಿಗಡಿ ಸಾಕುವವರಿಗೂ ನಾನು ಹೇಳುವುದು ಉಂಡೆಯನ್ನೇ. ಸೂಕ್ಷ್ಮ ಪೋಷಕಾಂಶ ಬೆರೆಸಿದ ಗೊಬ್ಬರಗಳಲ್ಲಿ ತಾಮ್ರದ ಅಂಶ ಇರುತ್ತದೆ, ಸಿಗಡಿಗೆ ತಾಮ್ರ ಆಗದು.

ಎರೆಹುಳು ಗೊಬ್ಬರದ ಉಂಡೆ ಮಾಡುವವರೂ ಇದ್ದಾರೆ. ಮುಚ್ಚಿದ ಮರಳಿನಲ್ಲಿ ಅದು ಕೊಳೆತು ದುರ್ವಾಸನೆಯ ಗುಳ್ಳೆ ಏಳಿಸುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಯಾವುದನ್ನೇ ಹಾಕಿದರೂ ಆಳಕ್ಕೆ ಹೋಗಬೇಕು. ಆರೇಳು ಸೆಂಟಿಮೀಟರ್ ಮರಳಿದ್ದರೆ ಉದ್ದನೆಯ ಚಿಮಟದಿಂದ ತಳದವರೆಗೆ ತಳ್ಳಿ, ಚಿಮಟವನ್ನು ಬಿಡಿಸಿಕೊಳ್ಳುವಾಗ ಮೆಲ್ಲನೆ ಅಲ್ಲಾಡಿಸಿ ಎಳೆಯಿರಿ, ಇಲ್ಲದಿದ್ದರೆ ಗೊಬ್ಬರ ಜೊತೆಗೇ ಮೇಲೆ ಬರುತ್ತದೆ. ಗಿಡದ ಬುಡಕ್ಕೆ ತಾಗಿಸದೆ ಒಂದೆರಡು ಬೆರಳು ದೂರದಲ್ಲಿಡಿ. ಅನುಬಿಯಾಸ್, ಜಾವಾ ಫರ್ನ್‌ಗಳನ್ನು ಕಲ್ಲಿಗೋ ಕಟ್ಟಿಗೆಗೋ ಕಟ್ಟಿ ಬೆಳೆಸುವುದರಿಂದ ಬೇರು ಗೊಬ್ಬರಕ್ಕೆ ಖರ್ಚು ಮಾಡುವುದೇ ಬೇಡ.

ಈಗ ನನ್ನ ದೊಡ್ಡ ತೊಟ್ಟಿಯಲ್ಲಿ ಪ್ರತಿ ಸ್ವೋರ್ಡ್‌ಗೆ ಒಂದು ಬದಿ ಕೆಮ್ಮಣ್ಣಿನ ಉಂಡೆ, ಇನ್ನೊಂದು ಬದಿ ಅರ್ಧ ತುಂಬಿದ ಕ್ಯಾಪ್ಸೂಲ್ ಇಡುತ್ತೇನೆ. ಕ್ಯಾಪ್ಸೂಲ್ ಬದಲಿಸುವುದು ಕ್ಯಾಲೆಂಡರ್ ನೋಡಿ ಅಲ್ಲ, ಹಳೆಯ ಎಲೆ ಹಳದಿಯಾಗತೊಡಗಿದಾಗ. ಮೀನು ತುಂಬಿರುವ ಚಿಕ್ಕ ತೊಟ್ಟಿಗೆ ಮಾತ್ರೆ ಮಾತ್ರ. ವ್ಯಾಲಿಸ್ನೇರಿಯಾ ಹುಲ್ಲಿಗೆ ಪ್ರತ್ಯೇಕವಾಗಿ ಏನನ್ನೂ ಕೊಡುವುದಿಲ್ಲ. ಸ್ವೋರ್ಡ್‌ಗಳಿಗೆ ಇಟ್ಟದ್ದರಲ್ಲೇ ಪಾಲು ಪಡೆದು, ವಾರವಾರ ಕತ್ತರಿಸಬೇಕಾಗುವಷ್ಟು ಬೆಳೆಯುತ್ತಿದೆ.